ಬೆಸುಗೆಯ ನಾಡಿ ಹಿಡಿಯುವ ಸೆನ್ಸರ್

ಮಕ್ಕಳೇ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ನೋಡುವುದನ್ನು ಗಮನಿಸಿದ್ದೀರಾ? ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತೆ.

ನಮ್ಮ ಹೊಸೂರಿನಲ್ಲಿ ಟಿವಿಎಸ್ ಬೈಕುಗಳೂ ಅಶೋಕ್ ಲೇಲ್ಯಾಂಡ್ ಲಾರಿಗಳೂ ತಯಾರಾಗುತ್ತವೆ. ಬೈಕಿನ ಫ್ರೇಮನ್ನು ಸಾಮಾನ್ಯವಾಗಿ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡುತ್ತಾರೆ. ಬೆಸುಗೆ ಹೊರಗೆ ನುಣುಪಾಗಿದ್ದು ಒಳಗೆ ಟೊಳ್ಳಾಗಿದ್ದರೆ? ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿ ಕುಲುಕಿ ಒಂದು ದಿನ ಬಿರುಕು ಬಿಟ್ಟೀತು. ಆಗ ಸವಾರನ ಜೀವಕ್ಕೇ ಅಪಾಯ!

ಟೊಳ್ಳು ಹೇಗಾಗುತ್ತೆ ಗೊತ್ತಾ? ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್, ಕಾರ್ಬನ್ ಡೈಆಕ್ಸೈಡ್ ಅನಿಲಗಳ ಹೊದಿಕೆ ಕೊಡುತ್ತಾರೆ. ಫ್ಯಾನಿನ ಗಾಳಿಗೆ ಈ ಹೊದಿಕೆ ಸರಿದರೂ ಸಾಕು, ಲೋಹ ಗಟ್ಟಿಯಾಗುವಾಗ ಅನಿಲದ ಗುಳ್ಳೆಗಳು ಒಳಗೇ ಸಿಕ್ಕಿಬೀಳುತ್ತವೆ.

ಇಲ್ಲೇ ಸೆನ್ಸರ್‌ಗಳ ಕೆಲಸ. ಒಂದು ವಿದ್ಯುತ್ ಪ್ರವಾಹವನ್ನೂ ಇನ್ನೊಂದು ವೋಲ್ಟೇಜನ್ನೂ ಮತ್ತೊಂದು ಅನಿಲದ ಹರಿವನ್ನೂ ಸೆಕೆಂಡಿಗೆ ಸಾವಿರಾರು ಸಲದವರೆಗೂ ಅಳೆಯಬಲ್ಲವು. ಒಳ್ಳೆಯ ಬೆಸುಗೆಯ ಗ್ರಾಫ್ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತೆ. ಈಗಿನ ಗ್ರಾಫ್ ಅದರಿಂದ ದೂರ ಸರಿದರೆ ತಕ್ಷಣ ಎಚ್ಚರಿಕೆ! ಸಂಶಯ ಬಂದ ತುಂಡನ್ನು ಪಕ್ಕಕ್ಕಿಟ್ಟು, ಎಕ್ಸ್‌-ರೇ ತೆಗೆದೋ ಕತ್ತರಿಸಿಯೋ ಪರೀಕ್ಷಿಸುತ್ತಾರೆ.

ಅಜ್ಜಿ ತಟ್ಟುವುದು ಮಡಕೆ ಬೆಂದ ಮೇಲೆ. ಸೆನ್ಸರ್ ನಾಡಿ ನೋಡುವುದು ಬೆಸುಗೆ ನಡೆಯುತ್ತಿರುವಾಗಲೇ. ಅನುಭವಿ ವೆಲ್ಡರ್‌ಗಳೂ ಹಾಗೇ, ‘ಚರ್ರ್’ ಎಂಬ ಸದ್ದು ಏರುಪೇರಾದರೆ ಕೈ ತಡೆಯುತ್ತಾರೆ. ನೀವೂ ವರ್ಕ್‌ಶಾಪ್ ದಾಟುವಾಗ ದೂರದಿಂದ ಆ ಸದ್ದು ಕೇಳಿ. ಬೆಳಕನ್ನು ಮಾತ್ರ ಬರಿಗಣ್ಣಿನಿಂದ ನೋಡಬೇಡಿ, ಅದರ ನೇರಳಾತೀತ ಕಿರಣ ಕಣ್ಣನ್ನು ಸುಡುತ್ತೆ.