ದಾರಿ ತಪ್ಪಿ ಬಂದ ಬಾತುಕೋಳಿ ಯಾರದ್ದು?

ಖಾನಾಪುರದ ಕಡೆ ಮಳೆಗೆ ಗದ್ದೆ ತುಂಬಿತೆಂದರೆ ಬಾತುಕೋಳಿಗೆ ಬೇಲಿಯ ಲೆಕ್ಕವಿಲ್ಲ. ಬೆಳಗಾವಿ ಪೇಟೆಯ ಹಿತ್ತಿಲಲ್ಲೂ ಅದೇ ಕತೆ. ಸಂಜೆ ಗೂಡು ಮುಚ್ಚುವಾಗ ನಮ್ಮ ಐದರ ಜೊತೆ ಇನ್ನೆರಡು ನಿಂತಿದ್ದರೆ ಏನು ಮಾಡೋದು?

ತಾನಾಗಿ ಬಂತೆಂದು ಅದು ನಮ್ಮದಾಗದು, ಅಮಾನತ್ ಅಷ್ಟೆ. ತಪ್ಪಿಸಿಕೊಂಡ ಒಂಟೆಯನ್ನು ಅದರ ಪಾಡಿಗೆ ಬಿಡಲು ಹೇಳಿದ ಪ್ರವಾದಿ(ಸ)ರು, ತೋಳದ ಬಾಯಿಗೆ ಬೀಳಬಹುದಾದ ಆಡನ್ನು ಹಿಡಿದಿಟ್ಟುಕೊಳ್ಳಲು ಅನುಮತಿಸಿದರು. ನಾಯಿ, ಮುಂಗುಸಿಯ ಎದುರು ಬಾತು ಕೂಡ ಆಡಿನ ಹಾಗೆಯೇ. ರಾತ್ರಿ ಆಶ್ರಯ ಕೊಡಿ. ಬೆಳಿಗ್ಗೆ ಜಾತಿ ಧರ್ಮ ನೋಡದೆ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ. ಜುಮಾ ಬಳಿಕ ಮಸೀದಿಯ ಬಾಗಿಲ ಹೊರಗೆ ತಿಳಿಸಿ. ಕಳೆದ ವಸ್ತುವಿನ ಘೋಷಣೆ ಒಳಗೆ ಸಲ್ಲದು. ಗುರುತು ಪೂರ್ತಿ ಹೇಳಬೇಡಿ, ಒಡೆಯನೇ ಹೇಳಲಿ. ಅಲ್ಲಿಯವರೆಗೆ ಅದು ಇಟ್ಟ ಮೊಟ್ಟೆಯೂ ಅವನದೇ. ಯಾರೂ ಬಾರದಿದ್ದರೆ ಖತೀಬರನ್ನು ಕೇಳಿಯೇ ಮುಂದಿನದ್ದು.

ಆದರೆ ನಮ್ಮ ಗೂಡಿಗೆ ಮಾತ್ರ ಸೇರಿಸಬೇಡಿ. ಬಾತು ತಾನು ಆರೋಗ್ಯವಾಗಿ ಕಾಣುತ್ತಲೇ ಹಕ್ಕಿಜ್ವರ ಹೊತ್ತು ತರಬಲ್ಲದು, ಸಾಯುವುದು ಕೋಳಿಗಳು. 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಈ ರೋಗ ಕಾಣಿಸಿಕೊಂಡಾಗ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಬೇರೆ ಬುಟ್ಟಿ, ಬೇರೆ ನೀರಿನ ಪಾತ್ರೆ ಇಡಿ. ನಮ್ಮವಕ್ಕೆ ಮೊದಲು ಕಾಳು ಹಾಕಿ, ಅದಕ್ಕೆ ಕೊನೆಗೆ ಹಾಕಿ, ಸಾಬೂನಿನಿಂದ ಕೈ ತೊಳೆಯಿರಿ. ಹಕ್ಕಿಗಳು ದಿಢೀರ್ ಸತ್ತರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ನೆರೆಯವರ ಹಕ್ಕೂ ಉಳಿಯಬೇಕು, ನಮ್ಮ ಗೂಡೂ ಉಳಿಯಬೇಕು.