ಹಿತ್ತಲಲ್ಲಿ ಸುಮ್ಮನಾದ ಗೋಬರ್ ಗ್ಯಾಸ್



ಬೆಳಗಾದರೆ ಕೊಟ್ಟಿಗೆ ಬಾಚಿ, ಸಗಣಿಯನ್ನು ತಿಪ್ಪೆಗೆ ಹಾಕಿ, ಹಾಲು ಕರೆದು ಡೈರಿಗೆ ಹೋಗಿಬರುತ್ತೀರಿ. ಬಂದವರೇ ಒಲೆ ಹಚ್ಚುತ್ತೀರಿ. ಮನೆಯಲ್ಲಿ ಸಿಲಿಂಡರ್ ಇದ್ದರೂ ಸ್ನಾನದ ಹಂಡೆಗೆ, ಮುದ್ದೆಯ ಎಸರಿಗೆ ಸೌದೆಯೇ ಬೇಕು. ಸಿಲಿಂಡರ್ ಎಷ್ಟು ದಿನ ಬಂತು ಎಂಬ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ನೀವು ನುಂಗಿದ ಹೊಗೆಯ ಲೆಕ್ಕವನ್ನು ಮಾತ್ರ ಯಾರೂ ಇಡುವುದಿಲ್ಲ.

ಸೌದೆ, ಬೆರಣಿಯ ಹೊಗೆಯಲ್ಲಿರುವ ಸಣ್ಣ ಕಣಗಳು ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ಸಪೂರ. ಮೂಗು ಅವನ್ನು ತಡೆಯಲಾರದು. ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ದಿನವೂ ಬೀಡಿ ಮುಟ್ಟದ ಹೆಂಗಸರಿಗೆ ಬೀಡಿ ಸೇದುವವರ ದಮ್ಮು ಬರುವುದು ಹೀಗೆ. ಒಲೆಯ ಪಕ್ಕದಲ್ಲೇ ಬೆಳೆಯುವ ಎಳೆ ಮಕ್ಕಳಿಗೆ ನ್ಯುಮೋನಿಯಾದ ಅಪಾಯವೂ ಹೆಚ್ಚು. ಅದೇ ಹೊಗೆ ಮಾಡಿನಿಂದ ಹೊರಗೆ ಹೋದರೆ ಅದರ ಮಸಿ ಬಿಸಿಲನ್ನು ಹೀರಿ ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ.

ಈಗ ಹಿತ್ತಲಿಗೆ ಬನ್ನಿ. ಎಷ್ಟೋ ಮನೆಗಳಲ್ಲಿ ಸಬ್ಸಿಡಿಯಲ್ಲಿ ಕಟ್ಟಿಸಿದ ಗೋಬರ್ ಗ್ಯಾಸ್ ಗುಂಡಿ ಇದೆ. ಅದರ ಮೇಲೆ ಸೌದೆ ಒಣಗುತ್ತಿರುತ್ತದೆ! ಯಾಕೆ ನಿಂತಿತು ಎಂದರೆ "ಗ್ಯಾಸ್ ಬರಲಿಲ್ಲ" ಎನ್ನುತ್ತಾರೆ. ನನಗೆ ಕಾಣುವ ಕಾರಣ ಬೇರೆ. ಕಟ್ಟಿಸುವಾಗ ಅರ್ಜಿಗೆ ಸಹಿ ಯಜಮಾನರದ್ದು, ದಿನಾ ನೀರು ಹೊತ್ತು ಸಗಣಿ ಕಲಸುವ ಕೈ ನಿಮ್ಮದು. ಜ್ವರ ಬಂದು ನೀವು ನಾಲ್ಕು ದಿನ ಮಲಗಿದರೆ ಗುಂಡಿಗೆ ಉಣಿಸುವವರೇ ಇಲ್ಲ. ಕಲಸುವ ಕೆಲಸ ಯಾರದು ಎಂದು ಮನೆಯಲ್ಲಿ ಮೊದಲು ತೀರ್ಮಾನವಾಗಲಿ. ಆಮೇಲೆ ಗಾರೆಯವರನ್ನು ಕರೆಸಿ.

ಲೆಕ್ಕ ಹೀಗಿದೆ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಹಸಿ ಸಗಣಿ, ಅಷ್ಟೇ ನೀರು ಬೇಕು. ಮಿಶ್ರತಳಿ ಹಸು 10ರಿಂದ 15 ಕೆ.ಜಿ. ಸಗಣಿ ಹಾಕುತ್ತದೆ ಎಂದುಕೊಂಡರೆ ನಾಲ್ಕು ರಾಸು ಇರಬೇಕು. ಎರಡೇ ಹಸು ಇದ್ದವರಿಗೆ 1 ಘನ ಮೀಟರ್ ಸಾಕು. ಸರಿಯಾಗಿ ಉಣಿಸಿದ 2 ಘನ ಮೀಟರ್ ಘಟಕ ದಿನಕ್ಕೆ ಮುಕ್ಕಾಲು ಕೆ.ಜಿ.ಗೂ ಮಿಕ್ಕಿ ಎಲ್‌ಪಿಜಿ ಮಾಡುವ ಕೆಲಸ ಮಾಡುತ್ತದೆ. ಅಂದರೆ 14.2 ಕೆ.ಜಿ.ಯ ಒಂದು ಸಿಲಿಂಡರ್ ಸುಮಾರು ಹದಿನೇಳು ದಿನಕ್ಕೆ ಉಳಿದ ಹಾಗೆ. ಚಳಿಗಾಲದಲ್ಲಿ ಗ್ಯಾಸ್ ಕಡಿಮೆ ಬರುತ್ತದೆ, ಗುಂಡಿ ಕೆಟ್ಟಿತೆಂದು ಗಾಬರಿ ಬೇಡ.

ಸಗಣಿಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವೇ ಸಾಕ್ಷಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ 'ಅಸ್ತ್ರ' ತಂಡದವರು ಅಲ್ಲಿ ಇಡೀ ಊರಿಗೆ ಅಡುಗೆ ಗ್ಯಾಸ್ ಕೊಡಲು ಹೊರಟರು. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಆಗ ದಾರಿ ಬದಲಿಸಿ, 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕೆ.ಜಿ.ಗೆ ಇಷ್ಟೆಂದು ಕೂಲಿಯೂ ಸಿಕ್ಕಿತು, ಗೊಬ್ಬರವೂ ವಾಪಸ್ ಬಂತು. ಸಗಣಿ ಹೊರುವುದಕ್ಕೂ ಬೆಲೆ ಕಟ್ಟಿದರಲ್ಲ, ನನಗೆ ಬಹಳ ಹಿಡಿಸಿದ್ದು ಅದು.

ಇನ್ನೊಂದು ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಗೋಬರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಮೀಥೇನ್. ಉರಿದರೆ ಅದು ಶಾಖ ಕೊಟ್ಟು ನೀರಾವಿ, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ 28 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಹಸುವಿನಿಂದ ಬರುವ ಮೀಥೇನಿನಲ್ಲಿ ಹೆಚ್ಚಿನದು ಮೆಲುಕು ಹಾಕುವಾಗ ತೇಗಿನ ಜೊತೆ ಬಾಯಿಂದ ಹೋಗುತ್ತದೆ. ಅದನ್ನು ಈ ಗುಂಡಿ ತಡೆಯದು. ಗಾಳಿಯಾಡುವ ಒಣ ತಿಪ್ಪೆಯಲ್ಲಿ ಮೀಥೇನ್ ಹುಟ್ಟುವುದು ಕಡಿಮೆ. ಗಾಳಿಯಿಲ್ಲದ ಗುಂಡಿಯಲ್ಲಿ ನಾವೇ ಬೇಕೆಂದು ಹುಟ್ಟಿಸುತ್ತೇವೆ. ಹಾಗಾಗಿ ಸೋರುವ ಗೋಬರ್ ಗ್ಯಾಸ್ ತಿಪ್ಪೆಗಿಂತಲೂ ಕೆಟ್ಟದ್ದು. ಹುಟ್ಟಿಸಿದ್ದನ್ನೆಲ್ಲ ಉರಿಸಬೇಕು. ಮನೆಗೆ ಬೇಕಾದದ್ದಕ್ಕಿಂತ ದೊಡ್ಡ ಘಟಕ ಬೇಡ ಎನ್ನುವುದೂ ಇದಕ್ಕೇ.

ಸೋರಿಕೆ ನೋಡಲು ಕಡ್ಡಿ ಗೀರಬೇಡಿ. ಪೈಪಿನ ಸೇರುವೆಗಳಿಗೆ, ವಾಲ್ವಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದ ಕಡೆ ಸೋರುತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಿಟಕಿ, ಬಾಗಿಲು ತೆರೆದು ವಾಲ್ವ್ ಮುಚ್ಚಿ. ಪೈಪಿನಲ್ಲಿ ನಿಂತ ನೀರನ್ನು ಆಗಾಗ ಬಿಡುತ್ತಿರಿ, ಇಲ್ಲದಿದ್ದರೆ ಉರಿ ಕುಣಿಯುತ್ತದೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗಬಾರದು, ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ನಿಂತುಹೋದ ಗುಂಡಿಯೊಳಗೆ ಮಾತ್ರ ಯಾರನ್ನೂ ಇಳಿಯಲು ಬಿಡಬೇಡಿ, ಎಷ್ಟೇ ವರ್ಷದ ಹಿಂದೆ ನಿಂತಿದ್ದರೂ ಸರಿ. ಒಳಗಿನ ಗಾಳಿಯಲ್ಲಿ ಉಸಿರುಗಟ್ಟಿ ಸಾಯಬಹುದು. ದುರಸ್ತಿಗೆ ತಿಳಿದವರೇ ಬರಲಿ.

ಹೊರಗೆ ಬರುವ ಬಗ್ಗಡವನ್ನು ಬಿಸಿಲಿಗೆ ಹರಡಿ ಒಣಗಿಸುವ ರೂಢಿ ಬಿಡಿ, ಸಾರಜನಕ ಹಾರಿಹೋಗುತ್ತದೆ. ನೆರಳಿನ ಗುಂಡಿಯಲ್ಲಿ ಒಣ ಎಲೆ, ರಾಗಿ ಹುಲ್ಲಿನ ಕಸದ ಮೇಲೆ ಪದರ ಪದರವಾಗಿ ಹಾಕಿ ಮಣ್ಣು ಮುಚ್ಚಿ. ನೇಪಿಯರ್ ಹುಲ್ಲಿನ ಸಾಲಿಗಾದರೆ ನೀರಿನ ಜೊತೆ ಹಸಿಯಾಗಿಯೇ ಹಾಯಿಸಬಹುದು.