ನಿಮಗಿದು ಗೊತ್ತೇ? ಫೋನು ತುಂಬಿಸುವುದು ಮಾತಲ್ಲ, ಫಾರ್ವರ್ಡು!

ಬೆಂಗಳೂರಿನ ವಿಶ್ವೇಶ್ವರಪುರಂ ತಿಂಡಿಬೀದಿಯಲ್ಲಿ ಕಾವಲಿಯ ಮೇಲಿನ ದೋಸೆಗೆ ಫೋನು ಹಿಡಿದರೆ 'ಸ್ಟೋರೇಜ್ ಫುಲ್' ಅನ್ನುತ್ತಿದೆಯೇ? ಹೊಸ ಫೋನಿಗೆ ದುಡ್ಡು ಹೊಂದಿಸುವ ಮುನ್ನ ವಾಟ್ಸ್ಯಾಪ್ ಒಳಗೊಮ್ಮೆ ಇಣುಕಿ.

● ಅಕ್ಷರ ಹಗುರ. 'ವಿಶ್ವೇಶ್ವರಪುರಂ' ಎಂಬ ಉದ್ದನೆಯ ಹೆಸರಿನಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಬಿಡಿಸಿದರೆ 14 ಯೂನಿಕೋಡ್ ಚಿಹ್ನೆಗಳಿವೆ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 42. ಒಂದು ಎಂಬಿಯ ಒಂದು ಫೋಟೊ ಅಳಿಸಿದರೆ ಆ ಜಾಗದಲ್ಲಿ ಈ ಹೆಸರನ್ನು 20,000ಕ್ಕೂ ಹೆಚ್ಚು ಸಲ ಬರೆದಿಡಬಹುದು! ಜಾಗಕ್ಕಾಗಿ ಹಳೆಯ ಮಾತುಕತೆ ಅಳಿಸಬೇಕಿಲ್ಲ. ಫೋಟೊ, ವಿಡಿಯೊ ಹುಡುಕಿ.

● ಶುಭೋದಯದ ಭಾರ. ನಮ್ಮವರ 'ಗುಡ್ ಮಾರ್ನಿಂಗ್' ಚಿತ್ರಗಳು ಗೂಗಲ್ ಸಂಸ್ಥೆಗೇ ಕೆಲಸ ಕೊಟ್ಟವು. 2017ರ ಡಿಸೆಂಬರ್‌ನಲ್ಲಿ ಅದು 'ಫೈಲ್ಸ್ ಗೋ' ಎಂಬ ಆ್ಯಪ್ ತಂದಿತು. ಸೂರ್ಯೋದಯ, ಹೂವು, ದೇವರ ಪಟಗಳ ಶುಭಾಶಯಗಳನ್ನು ಗುರುತಿಸಿ ಒಟ್ಟಿಗೆ ಅಳಿಸುವ ಸೌಲಭ್ಯವೂ ಅದರಲ್ಲಿತ್ತು. ಈಗ ಆ ಆ್ಯಪ್‌ನ ಹೆಸರು 'ಫೈಲ್ಸ್ ಬೈ ಗೂಗಲ್'. ಅಂದಹಾಗೆ, 'ಶುಭೋದಯ' ಎಂದು ಟೈಪ್ ಮಾಡಿ ಕಳಿಸಿದರೆ ಆ ಪದಕ್ಕೆ ಬೇಕಾದದ್ದು ಬರೀ 18 ಬೈಟ್.

● ಪೊರಕೆ ಒಳಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಸ್ಟೋರೇಜ್ ಅಂಡ್ ಡೇಟಾ', ಅದರೊಳಗೆ 'ಮ್ಯಾನೇಜ್ ಸ್ಟೋರೇಜ್'. 2020ರ ನವೆಂಬರ್‌ನಲ್ಲಿ ಹೊಸ ರೂಪ ಪಡೆದ ಈ ಪುಟ 5 ಎಂಬಿಗಿಂತ ದೊಡ್ಡ ಫೈಲುಗಳನ್ನೂ, ಹಲವು ಸಲ ಫಾರ್ವರ್ಡ್ ಆದವುಗಳನ್ನೂ ಬೇರೆ ಬೇರೆ ರಾಶಿ ಹಾಕಿ ತೋರಿಸುತ್ತದೆ. ಕೆಳಗಿರುವ ಪಟ್ಟಿಯಲ್ಲಿ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಎಂಬ ಲೆಕ್ಕ. ಮೊದಲ ಸ್ಥಾನ ಮದುವೆ ಮನೆಯ ಗ್ರೂಪಿಗೋ ಅಪಾರ್ಟ್‌ಮೆಂಟ್ ಗ್ರೂಪಿಗೋ, ನೀವೇ ನೋಡಿ.

● ಎರಡು ಬಾಣದ ಗುರುತು. ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಇಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಅಳಿಸಲು ಯಾವುದರಿಂದ ಶುರುಮಾಡಲಿ ಎಂದು ಯೋಚಿಸುವವರು ಈ ರಾಶಿಯಿಂದಲೇ ಶುರುಮಾಡಿ.

● ಬಾಗಿಲು ನಿಮ್ಮ ಕೈಲಿ. ವಿಶ್ವೇಶ್ವರಪುರಂ ಬಡಾವಣೆಗೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ಅಣೆಕಟ್ಟಿಗೆ ಧಕ್ಕೆಯಾಗದಂತೆ ಹೆಚ್ಚು ನೀರು ನಿಲ್ಲಿಸುವುದು ಅವುಗಳ ಕೆಲಸ. ವಾಟ್ಸ್ಯಾಪಿನ ಗೇಟು 'ಮೀಡಿಯಾ ಆಟೊ-ಡೌನ್‌ಲೋಡ್'. ಇದು ತಾನಾಗಿ ಮುಚ್ಚುವುದಿಲ್ಲ, ನೀವೇ ಮುಚ್ಚಬೇಕು. ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಟಿಕ್ ತೆಗೆದುಬಿಟ್ಟರೆ, ನೀವು ಮುಟ್ಟಿದ ಫೋಟೊ, ವಿಡಿಯೊ ಮಾತ್ರ ಒಳಗೆ ಬರುತ್ತದೆ. ಧ್ವನಿ ಸಂದೇಶಗಳಿಗೆ ಮಾತ್ರ ಈ ತಡೆಯಿಲ್ಲ. ಅವು ಯಾವಾಗಲೂ ತಾವಾಗಿಯೇ ಇಳಿಯುತ್ತವೆ.

● ಮರೆಮಾಡಿದರೆ ಜಾಗ ಸಿಗದು. 'ಮೀಡಿಯಾ ವಿಸಿಬಿಲಿಟಿ' ಆಫ್ ಮಾಡಿದರೆ ಹೊಸ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದಿಲ್ಲ, ಅಷ್ಟೆ. ಫೈಲುಗಳು ಫೋನಿನಲ್ಲೇ ಇರುತ್ತವೆ.

● ಕಳಿಸಿದ್ದಕ್ಕೂ ನಕಲು. ಆಂಡ್ರಾಯ್ಡ್ ಫೋನಿನ 'ವಾಟ್ಸ್ಯಾಪ್ ಇಮೇಜಸ್' ಫೋಲ್ಡರಿನಲ್ಲಿ 'ಸೆಂಟ್' ಎಂಬ ಒಳಕೋಣೆಯಿದೆ. ಕ್ಯಾಮೆರಾದಲ್ಲಿ ಮೂಲ ಫೋಟೊ ಇದ್ದರೂ ನೀವು ಕಳಿಸಿದ್ದರ ನಕಲು ಇಲ್ಲಿ ಬಂದು ಕೂರುತ್ತದೆ. ಐಫೋನಿನವರೇ, 'ಸೇವ್ ಟು ಫೋಟೋಸ್' ಆನ್ ಇದ್ದರೆ ನಿಮಗೆ ಬಂದ ಚಿತ್ರಕ್ಕೂ ಎರಡು ಪ್ರತಿ: ಒಂದು ಆ್ಯಪಿನೊಳಗೆ, ಇನ್ನೊಂದು ಫೋಟೋಸ್‌ನಲ್ಲಿ.

● ಎಲ್ಲ ಪ್ರತಿಯೂ ಹೋಗಬೇಕು. ಒಂದೇ ವಿಡಿಯೊ ಅಣ್ಣನಿಂದಲೂ ಪಕ್ಕದ ಮನೆಯವರಿಂದಲೂ ಬಂದಿದ್ದರೆ ಒಂದು ಚಾಟ್‌ನಲ್ಲಿ ಅಳಿಸಿದ ಮಾತ್ರಕ್ಕೆ ಜಾಗ ತೆರವಾಗದೇ ಇರಬಹುದು. ಅಳಿಸುವಾಗ 'ಆಲ್ ಕಾಪೀಸ್' ಆಯ್ಕೆ ಕಂಡರೆ ಅದನ್ನೇ ಒತ್ತಿ.

● ಕಸದ ಬುಟ್ಟಿಯೂ ಫೋನಿನಲ್ಲೇ. ಗ್ಯಾಲರಿಯಲ್ಲಿ ಅಳಿಸಿದ ಚಿತ್ರಗಳು ಹಲವು ಫೋನುಗಳಲ್ಲಿ ಸುಮಾರು 30 ದಿನ 'ಟ್ರ್ಯಾಶ್'ನಲ್ಲಿ ಉಳಿಯುತ್ತವೆ. ಬುಟ್ಟಿ ಖಾಲಿಯಾಗುವ ತನಕ ಜಾಗ ಸಿಗುವುದಿಲ್ಲ.

● ಮಾಯವಾಗುವ ಸಂದೇಶ, ಮಾಯವಾಗದ ಚಿತ್ರ. 2020ರಲ್ಲಿ ಬಂದ 'ಡಿಸಪಿಯರಿಂಗ್ ಮೆಸೇಜಸ್' ಮೊದಲು 7 ದಿನಕ್ಕೆ ಸೀಮಿತ. 2021ರ ಡಿಸೆಂಬರ್‌ನಲ್ಲಿ 24 ಗಂಟೆ ಮತ್ತು 90 ದಿನದ ಆಯ್ಕೆಗಳೂ ಸೇರಿದವು. ಅವಧಿ ಮುಗಿದ ಮೇಲೆ ಚಾಟ್‌ನಿಂದ ಚಿತ್ರ ಹೋದರೂ, ಆಟೊ-ಡೌನ್‌ಲೋಡ್ ಆನ್ ಇದ್ದರೆ ಗ್ಯಾಲರಿಗೆ ಇಳಿದದ್ದು ಹಾಗೇ ಉಳಿಯುತ್ತದೆ.

● ಕ್ಯಾಶ್ ಬೇರೆ, ಡೇಟಾ ಬೇರೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕ್ಲಿಯರ್ ಕ್ಯಾಶ್' ಒತ್ತಿದರೆ ತೊಂದರೆಯಿಲ್ಲ. ಪಕ್ಕದ 'ಕ್ಲಿಯರ್ ಡೇಟಾ' ಒತ್ತೀರಿ, ಜೋಕೆ! ಬ್ಯಾಕಪ್ ಇಲ್ಲದಿದ್ದರೆ ಚಾಟ್‌ಗಳೆಲ್ಲ ಹೋದಂತೆಯೇ.

● ನಸುಕಿನ 2 ಗಂಟೆಗೆ. ನಾವು ನಿದ್ದೆಯಲ್ಲಿರುವಾಗ ಆಂಡ್ರಾಯ್ಡ್‌ನ ವಾಟ್ಸ್ಯಾಪ್ ದಿನವೂ ಚಾಟ್‌ಗಳ ಬ್ಯಾಕಪ್ ಒಂದನ್ನು ಫೋನಿನಲ್ಲೇ ಬರೆದಿಡುತ್ತದೆ. ಹಿಂದಿನ ಕೆಲವು ದಿನಗಳ ಪ್ರತಿಗಳೂ ಜೊತೆಗಿರುತ್ತವೆ. ಗೂಗಲ್ ಡ್ರೈವ್‌ನ ಬ್ಯಾಕಪ್ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ಅದೂ 15 ಜಿಬಿಯ ಉಚಿತ ಮಿತಿಯೊಳಗೆ ಸೇರಿದೆ. ಬ್ಯಾಕಪ್‌ನಲ್ಲಿ 'ಇನ್‌ಕ್ಲೂಡ್ ವಿಡಿಯೋಸ್' ಆಫ್ ಮಾಡಿದರೆ ಅಲ್ಲಿಯೂ ಉಳಿತಾಯ.

● ಅವರೆಬೇಳೆ ಮೇಳದ ವಿಡಿಯೊ. ಜನವರಿಯ ಮೇಳ ವರ್ಷಗಟ್ಟಲೆ ತಿಂಡಿಬೀದಿಯಲ್ಲೇ ನಡೆದು, ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಗಿದೆ. ಹಿತಕಿದ ಬೇಳೆಯ ತಿನಿಸುಗಳನ್ನು ಊರಿಗೆಲ್ಲ ತೋರಿಸುವಾಸೆಯೇ? 2023ರಲ್ಲಿ ಬಂದ 'ಎಚ್‌ಡಿ' ಆಯ್ಕೆ ಬಿಟ್ಟು ಸಾಮಾನ್ಯ ಗುಣಮಟ್ಟದಲ್ಲೇ ಕಳಿಸಿ. ಕಳಿಸುವ ಫೈಲಿನ ಮಿತಿ 2022ರಲ್ಲಿ 100 ಎಂಬಿಯಿಂದ 2 ಜಿಬಿಗೆ ಏರಿತು. ನೆಂಟರ ಫೋನಿನ ಮಿತಿ ಏರಿಲ್ಲ.

● ಸರ್ವರಿನಲ್ಲಿ ಹಳೆಯದಿಲ್ಲ. ತಲುಪಿದ ಸಂದೇಶಗಳನ್ನು ವಾಟ್ಸ್ಯಾಪ್ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ; ತಲುಪದವು 30 ದಿನ ಇರುತ್ತವೆ. ಹಳೆಯ ಫೋಟೊ ಅಳಿಸಿದ ಮೇಲೆ ಬೇಕೆನಿಸಿದರೆ ಕಳಿಸಿದವರನ್ನೇ ಕೇಳಬೇಕು. ಮಗುವಿನ ಮೊದಲ ಹೆಜ್ಜೆ, ಅಜ್ಜಿಯ ಹಾಡಿನಂಥವನ್ನು ಮೊದಲು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಸೇರಿಸಿ.

● ಸಂಕೋಚ ಬೇಡ. 'ಡಿಲೀಟ್ ಫಾರ್ ಮಿ' ಒತ್ತಿದರೆ ಚಿತ್ರ ಹೋಗುವುದು ನಿಮ್ಮ ಕಡೆಯಿಂದ ಮಾತ್ರ. ಕಳಿಸಿದವರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಅತ್ತೆಯವರು ದಿನಾ ಕಳಿಸುವ ಗುಲಾಬಿ ಹೂಗಳನ್ನು ಧಾರಾಳವಾಗಿ ಅಳಿಸಿ!